ಬಿಸಿಲು ಮಾರೋ ತಾಲ್ಲೂಕಿನಲ್ಲಿ ವಿಟಮಿನ್ ಡಿ ಕೊರತೆ

ಕಡ್ಲೆಕಾಯಿ ಕಿತ್ತು ಬಳ್ಳಿ ಮೆದೆ ಹಾಕಿ ಆಯ್ತು. ರಾಗಿ ತೆನೆ ಬಲಿತಿದೆ, ಇನ್ನೊಂದು ಹತ್ತು ದಿನಕ್ಕೆ ಕುಯ್ಲು. ತೊಗರಿ ಹೂವಿನಲ್ಲಿದೆ, ಕಾಯಿಕೊರಕದ ಬಗ್ಗೆ ಹೋದ ಸಲವೇ ಬರೆದಿದ್ದೀನಿ. ಹಾಗಾಗಿ ಈ ವಾರ ಹೊಲ ಬಿಟ್ಟು, ಹೊಲದಲ್ಲಿ ದುಡಿಯೋ ಮೈ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಇದೆ. ರಾತ್ರಿ ಊಟ ಆದ್ಮೇಲೆ ಓದಿ.

ಈಗೀಗ ನಮ್ಮ ಕಡೆ ಡೈರಿ ಹತ್ರ ನಿಂತರೂ, ಸಂತೆಗೆ ಹೋದರೂ ವಿಟಮಿನ್ ಡಿ ಮಾತು. ಮಂಡಿ ನೋವು ಅಂದ್ರೆ ವಿಟಮಿನ್ ಡಿ, ಸುಸ್ತು ಅಂದ್ರೆ ವಿಟಮಿನ್ ಡಿ, ಕೂದಲು ಉದುರಿದರೂ ವಿಟಮಿನ್ ಡಿ. ಊರೊಳಗೆ ಎರಡು ಪಕ್ಷ ಆಗಿಬಿಟ್ಟಿದೆ. ಒಂದು ಪಕ್ಷದವರು ನಗ್ತಾರೆ: "ಬಿಸಿಲಲ್ಲೇ ಹುಟ್ಟಿ ಬಿಸಿಲಲ್ಲೇ ಬೆಂದೋರಿಗೆ ಇದ್ಯಾವ ಕೊರತೆ ಸ್ವಾಮಿ, ಇದೆಲ್ಲ ಬೆಂಗಳೂರಿನ ಏಸಿ ರೂಮಿನೋರ ಕಾಯಿಲೆ" ಅಂತ. ಇನ್ನೊಂದು ಪಕ್ಷದವರು ಪಟ್ಟಣಕ್ಕೆ ಹೋಗಿ ಟೆಸ್ಟ್ ಮಾಡಿಸಿ, ಚೀಟಿಯಲ್ಲಿ 14 ಅಂತಲೋ 17 ಅಂತಲೋ ಬಂದ ತಕ್ಷಣ ಗಾಬರಿ ಬಿದ್ದು ಇಂಜೆಕ್ಷನ್ ಚುಚ್ಚಿಸ್ಕೊಂಡು ಬರ್ತಾರೆ. ನನ್ನ ಪ್ರಕಾರ ಇಬ್ಬರದ್ದೂ ತಪ್ಪು. ಅದರಲ್ಲಿ ನಗೋರ ತಪ್ಪು ಸ್ವಲ್ಪ ದೊಡ್ಡದು, ಯಾಕಂದ್ರೆ ಆ ನಗೆಯಿಂದ ಕಷ್ಟ ಅನುಭವಿಸೋದು ಅವರಲ್ಲ, ಅವರ ಮನೆ ಹೆಂಗಸರು.

ಮೊದಲು ನಗೋರ ವಿಷಯಕ್ಕೆ ಬರ್ತೀನಿ. ಪಾವಗಡ ಅಂದ್ರೆ ಈಗ ದೇಶಕ್ಕೆಲ್ಲ ಬಿಸಿಲು ಮಾರೋ ತಾಲ್ಲೂಕು. ತಿರುಮಣಿ, ವಳ್ಳೂರು ಕಡೆ ಸುಮಾರು 13,000 ಎಕರೆ ತುಂಬ ಸೋಲಾರ್ ಪ್ಲೇಟು, 2,050 ಮೆಗಾವ್ಯಾಟ್ ಕರೆಂಟು. ಇಂಥಾ ಊರಲ್ಲಿ ಬಿಸಿಲಿನ ವಿಟಮಿನ್ ಕಮ್ಮಿ ಅಂದ್ರೆ ಯಾರಿಗಾದರೂ ನಗು ಬರೋದೇ. ಆದ್ರೆ ಸೋಲಾರ್ ಪ್ಲೇಟು ಬೇರೆ, ಚರ್ಮ ಬೇರೆ. ಪ್ಲೇಟು ಬೆಳಿಗ್ಗೆ ಏಳೂವರೆಗೆಲ್ಲ ಕರೆಂಟು ಕೊಡೋಕೆ ಶುರು ಮಾಡುತ್ತೆ, ಮೇಲೆ ಗಾಜು ಹಾಕಿದ್ರೂ ಕೊಡುತ್ತೆ. ಚರ್ಮ ಹಾಗಲ್ಲ. ಅದಕ್ಕೆ ಬೇಕಾದ್ದು ಬಿಸಿಲಿನೊಳಗಿನ ಅತಿನೇರಳೆ ಕಿರಣದಲ್ಲೂ ಒಂದು ಸಣ್ಣ ಪಟ್ಟಿ, ಸುಮಾರು 290ರಿಂದ 315 ನ್ಯಾನೋಮೀಟರಿನದು. ಅದನ್ನ ಯುವಿ-ಬಿ ಅಂತಾರೆ. ಚರ್ಮದಲ್ಲಿ ಕೊಲೆಸ್ಟ್ರಾಲ್ ಜಾತಿಯ ಒಂದು ಪದಾರ್ಥ ಇರುತ್ತೆ, ಈ ಕಿರಣ ತಾಗಿದಾಗ ಅದು ಒಡೆದು ವಿಟಮಿನ್ ಡಿ ಆಗೋಕೆ ಶುರುವಾಗುತ್ತೆ. ಅದು ಲಿವರಿಗೆ ಹೋಗಿ ಒಂದು ರೂಪ ಪಡೆಯುತ್ತೆ, ಅಲ್ಲಿಂದ ಕಿಡ್ನಿಗೆ ಹೋಗಿ ಕೆಲಸ ಮಾಡೋ ಕೊನೇ ರೂಪ ಪಡೆಯುತ್ತೆ. ಆಮೇಲೆ ಕರುಳಿಗೆ ಹೇಳುತ್ತೆ: ಊಟದಲ್ಲಿ ಬಂದ ಕ್ಯಾಲ್ಸಿಯಂ ಹೀರ್ಕೋ ಅಂತ. ಇದರ ಮುಖ್ಯ ಕೆಲಸ ಇಷ್ಟೇ. ಕ್ಯಾಲ್ಸಿಯಂ ಒಳಗೆ ಬಿಡೋ ಬಾಗಿಲು ಕಾಯೋದು.

ಈ ಯುವಿ-ಬಿ ಕಿರಣ ಗಾಜು ದಾಟಲ್ಲ. ಸೂರ್ಯ ಕೆಳಗಿದ್ದಾಗ ಓರೆಯಾಗಿ ಬರೋ ಬಿಸಿಲಿನಲ್ಲಿ ಅದು ಗಾಳಿಯಲ್ಲೇ ಸೋಸಿ ಹೋಗಿಬಿಟ್ಟಿರುತ್ತೆ. ನಮ್ಮ ಹಿರಿಯರು ಬಾಣಂತಿ ಮಗೂನ ಎಳೆಬಿಸಿಲಿಗೆ ಮಲಗಿಸ್ತಿದ್ರು, ಈಗಲೂ ಮಲಗಿಸ್ತೀವಿ. ಮಗು ಬೆಚ್ಚಗಿರುತ್ತೆ, ತಾಯಿಗೂ ಹಿತ, ಬೇಡ ಅನ್ನಲ್ಲ. ಆದ್ರೆ ವಿಟಮಿನ್ ಡಿ ಲೆಕ್ಕದಲ್ಲಿ ಏಳು ಗಂಟೆಯ ಎಳೆಬಿಸಿಲಿಂದ ಸಿಗೋದು ತೀರಾ ಕಮ್ಮಿ. ಸುಲಭದ ಅಳತೆ ನಿಮ್ಮ ನೆರಳು. ನೆರಳು ನಿಮಗಿಂತ ಉದ್ದ ಇದ್ರೆ ಅದು ವಿಟಮಿನ್ ಮಾಡೋ ಬಿಸಿಲಲ್ಲ. ನಿಮಗಿಂತ ಗಿಡ್ಡ ಆದಾಗ ಚರ್ಮದೊಳಗೆ ಕೆಲಸ ನಡೆಯುತ್ತೆ. ನಮ್ಮ ಕಡೆ ಸುಮಾರಾಗಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, ಮಾರ್ಗಶಿರ ಪುಷ್ಯದಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಯೂರೋಪಿನ ಮೇಲ್ಭಾಗದ ದೇಶಗಳಲ್ಲಿ ಚಳಿಗಾಲದಲ್ಲಿ ಇಡೀ ದಿನ ನೆರಳು ಉದ್ದವೇ ಇರುತ್ತೆ, ತಿಂಗಳುಗಟ್ಟಲೆ ಚರ್ಮ ಏನೂ ತಯಾರಿಸಲ್ಲ. ನಮಗೆ ಆ ಗತಿ ಇಲ್ಲ, ವರ್ಷಪೂರ್ತಿ ಬಾಗಿಲು ತೆರೆದೇ ಇರುತ್ತೆ.

ಈಗ ನಮ್ಮ ದಿನಚರಿ ನೋಡಿ. ನಾವು ಹೊಲಕ್ಕೆ ಹೋಗೋದು ಬೆಳಿಗ್ಗೆ ಆರಕ್ಕೆ. ಹತ್ತೂವರೆ ಹನ್ನೊಂದಕ್ಕೆ ಬಿಸಿಲು ಏರ್ತು ಅಂತ ಹುಣಸೆ ಮರದ ಕೆಳಗೆ. ಮತ್ತೆ ಇಳಿಯೋದು ಮೂರೂವರೆ ಮೇಲೆ. ಬುದ್ಧಿವಂತರ ಕೆಲಸವೇ, ಇಲ್ಲಾಂದ್ರೆ ಬಿಸಿಲು ಹೊಡೆದು ಬೀಳ್ತೀವಿ. ಆದ್ರೆ ವಿಟಮಿನ್ ಮಾಡೋ ಹೊತ್ತಿನಲ್ಲೇ ನಾವು ನೆರಳಲ್ಲಿರ್ತೀವಿ ಅನ್ನೋದೂ ನಿಜ. ಇನ್ನು ಹೆಂಗಸರು ಕಳೆ ತೆಗೆಯೋವಾಗ ನೋಡಿ. ಸೀರೆ ಮೇಲೆ ಗಂಡನ ಹಳೇ ಫುಲ್ ತೋಳಿನ ಶರ್ಟು, ತಲೆಗೆ ಮುಖಕ್ಕೆ ಟವೆಲು ಸುತ್ತಿ ಗಂಟು. ಕಾಣೋದು ಎರಡು ಕಣ್ಣು, ಎರಡು ಮುಂಗೈ. ಅದೂ ಬಗ್ಗಿಕೊಂಡು ನೆಲ ನೋಡ್ತಾ. ಅಷ್ಟು ಜಾಗದಲ್ಲಿ ಎಷ್ಟು ತಯಾರಾದೀತು? ಮೇಲಾಗಿ ನಮ್ಮದು ಕಪ್ಪು ಚರ್ಮ. ಬಿಸಿಲಿಂದ ಕಾಯೋಕೆ ದೇವರು ಕೊಟ್ಟ ಛತ್ರಿ ಅದು, ಆ ಛತ್ರಿ ಈ ಕಿರಣವನ್ನೂ ತಡೆಯುತ್ತೆ. ಬಿಳಿ ಚರ್ಮದವರಿಗೆ ಹತ್ತು ಹದಿನೈದು ನಿಮಿಷಕ್ಕೆ ಆಗೋ ಕೆಲಸ ನಮಗೆ ಅದರ ಹಲವು ಪಟ್ಟು ಹೊತ್ತು ಬೇಕು. ಇಂಟರ್ನೆಟ್ಟಿನಲ್ಲಿ ಬರೋ ಹತ್ತು ನಿಮಿಷದ ಲೆಕ್ಕ ನಮ್ಮದಲ್ಲ.

ಈಗ ಹೊಲಕ್ಕೂ ಬರದೇ ಇರೋರು ಎಷ್ಟು ಜನ ಆಗಿದ್ದಾರೆ ಅದನ್ನೂ ಸೇರಿಸಿಕೊಳ್ಳಿ. ಬೆಳಿಗ್ಗೆ ಕತ್ತಲಿದ್ದಂಗೆ ಗಾರ್ಮೆಂಟ್ಸ್ ಬಸ್ಸು ಹತ್ತಿ, ಟ್ಯೂಬ್‌ಲೈಟ್ ಕೆಳಗೆ ಹೊಲಿದು, ಕತ್ತಲಾದ ಮೇಲೆ ಇಳಿಯೋ ಹೆಣ್ಣುಮಕ್ಕಳು. ಜಮೀನು ಸೋಲಾರಿಗೆ ಬಾಡಿಗೆ ಕೊಟ್ಟು ಜಗುಲಿ ಮೇಲೆ ಕೂತಿರೋ ದೊಡ್ಡವರು. ಬಾಡಿಗೆ ಬರುತ್ತೆ, ಒಳ್ಳೇದೇ. ಅದು ಬೇರೆ ಚರ್ಚೆ, ಇನ್ನೊಂದ್ಸಲ ಜಗಳ ಆಡೋಣ.

ತಿರುಪತಿ ಸುತ್ತಮುತ್ತ ಡಾಕ್ಟರುಗಳು ಮಾಡಿದ ಒಂದು ಅಧ್ಯಯನ 2007ರಲ್ಲಿ ಅಚ್ಚಾಯ್ತು. ನಮ್ಮಂಥದ್ದೇ ಸೀಮೆ, ನಮ್ಮಂಥದ್ದೇ ಬಿಸಿಲು. ಅಲ್ಲಿ ಹಳ್ಳಿ ಗಂಡಸರಲ್ಲಿ ನೂರಕ್ಕೆ 44 ಜನಕ್ಕೆ, ಹಳ್ಳಿ ಹೆಂಗಸರಲ್ಲಿ ನೂರಕ್ಕೆ 70 ಜನಕ್ಕೆ ವಿಟಮಿನ್ ಡಿ 20 ನ್ಯಾನೋಗ್ರಾಂಗಿಂತ ಕೆಳಗಿತ್ತು. ಪಟ್ಟಣದವರಿಗೆ ಇನ್ನೂ ಕಮ್ಮಿ ಇತ್ತು ಅನ್ನೋದು ಸರಿ. ಆದ್ರೆ ಹಳ್ಳಿಯವರಿಗೆ ಬರೋದೇ ಇಲ್ಲ ಅನ್ನೋ ಮಾತು ಅಲ್ಲಿಗೆ ಮುಗೀತು. ಕೇಂದ್ರ ಸರ್ಕಾರ 2016ರಿಂದ 2018ರವರೆಗೆ ಮಕ್ಕಳ ಪೌಷ್ಟಿಕಾಂಶದ ಸಮೀಕ್ಷೆ ಮಾಡಿಸ್ತು. ಅದರಲ್ಲಿ 12ಕ್ಕಿಂತ ಕೆಳಗಿದ್ರೆ ಮಾತ್ರ ಕೊರತೆ ಅಂತ ಬಿಗಿಯಾಗಿ ಅಳೆದರೂ, ಹತ್ತು ವರ್ಷ ದಾಟಿದ ಹುಡುಗ ಹುಡುಗಿಯರಲ್ಲಿ ನೂರಕ್ಕೆ 24 ಜನಕ್ಕೆ ಕೊರತೆ ಸಿಕ್ತು.

ತಿರುಪತಿಯವರು ಇನ್ನೊಂದು ವಿಷಯ ಕಂಡ್ರು. ನನಗೆ ಅದೇ ಮುಖ್ಯ ಅನ್ನಿಸಿದ್ದು. ಅವರು ತಿನ್ನೋ ಊಟದಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ, ಕ್ಯಾಲ್ಸಿಯಮ್ಮನ್ನ ಹಿಡಿದಿಟ್ಕೊಳ್ಳೋ ಫೈಟೇಟು ಜಾಸ್ತಿ. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇದ್ರೆ ಮೈ ಏನು ಮಾಡುತ್ತೆ ಗೊತ್ತಾ? ಇದ್ದ ಅಷ್ಟಿಷ್ಟು ಕ್ಯಾಲ್ಸಿಯಂ ಹೀರೋಕೆ ವಿಟಮಿನ್ ಡಿಯನ್ನ ಬೇಗ ಬೇಗ ಖರ್ಚು ಮಾಡುತ್ತೆ. ಬೋರಿನಲ್ಲಿ ನೀರು ಕಮ್ಮಿ ಆದಷ್ಟೂ ಮೋಟರು ಹೆಚ್ಚು ಹೊತ್ತು ಓಡಿಸಿ ಸುಟ್ಟುಕೊಳ್ಳಲ್ವಾ, ಹಾಗೆ. ಅಂದ್ರೆ ಬಿಸಿಲಲ್ಲಿ ನಿಂತು ಸಂಪಾದಿಸಿದ್ದನ್ನ ತಟ್ಟೆಯಲ್ಲಿ ಕಳ್ಕೊಳ್ತೀವಿ. ಬರೀ ವಿಟಮಿನ್ ಡಿ ಮಾತ್ರೆ ನುಂಗಿ ಅನ್ನ ಸಾರು ತಿಂದ್ಕೊಂಡಿದ್ರೆ, ಬಾಗಿಲು ತೆರೆದಿದೆ, ಒಳಗೆ ಬರೋಕೆ ಯಾರೂ ಇಲ್ಲ ಅನ್ನೋ ಹಾಗೆ.

ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ 2020ರಲ್ಲಿ ಹೇಳಿದ್ದಾರೆ. ಲೆಕ್ಕ ಹಾಕಿ ನೋಡೋಣ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಇದೆ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಹೆಚ್ಚೆಂದರೆ ಹತ್ತು. ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಅಂತಿಟ್ಕೊಂಡ್ರೆ ಎರಡು ಹೊತ್ತು ಮುದ್ದೆಗೆ ಏಳುನೂರರ ಹತ್ರ. ಒಂದು ದೊಡ್ಡ ಲೋಟ ಹಾಲೋ ಮೊಸರೋ ಸೇರಿದ್ರೆ ಇನ್ನೊಂದು ಇನ್ನೂರೈವತ್ತು. ಸೊಪ್ಪಿನಲ್ಲಿ ಉಳಿದದ್ದು. ಸಾವಿರ ಆಗೇ ಹೋಯ್ತು. ನಮ್ಮ ಅಜ್ಜಿಯರ ಊಟ ಇದೇ ತಾನೆ? ರಾಗಿಯಲ್ಲೂ ಫೈಟೇಟು ಇದೆ, ಇರೋದೆಲ್ಲ ಮೈಗೆ ಹತ್ತಲ್ಲ. ಅದಕ್ಕೇ ಅವರು ಮೊಳಕೆ ಕಟ್ಟಿದ ಹಿಟ್ಟು, ರಾತ್ರಿ ಹುಳಿ ಬಿಟ್ಟ ಅಂಬಲಿ ಮಾಡ್ತಿದ್ರು. ಮೊಳಕೆ ಬಂದಾಗ, ಹುಳಿ ಬಂದಾಗ ಫೈಟೇಟು ಕಮ್ಮಿ ಆಗುತ್ತೆ. ಅವರಿಗೆ ಆ ಹೆಸರು ಗೊತ್ತಿರ್ಲಿಲ್ಲ, ಕೆಲಸ ಗೊತ್ತಿತ್ತು.

ಈಗ ಹೆಚ್ಚಿನ ಮನೆಯಲ್ಲಿ ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ಬೆಳಿಗ್ಗೆ ಚಿತ್ರಾನ್ನ. ಸೊಸೈಟಿ ಅಕ್ಕಿ ಬರುತ್ತೆ, ಮುದ್ದೆ ತಿರುವೋ ಕಷ್ಟ ಯಾರಿಗೆ ಬೇಕು. ಬೆಳೆದ ರಾಗಿಯನ್ನ ಬೆಂಬಲ ಬೆಲೆಗೆ ಖರೀದಿ ಕೇಂದ್ರಕ್ಕೆ ಹಾಕ್ತೀವಿ. ಹಾಕಿ, ರೇಟು ಬಂದಾಗ ಹಾಕ್ಲೇಬೇಕು. ಆದ್ರೆ ಮನೆಗೆ ಎರಡು ಮೂಟೆ ಕಮ್ಮಿ ಇಟ್ಕೊಂಡು ಹಾಕೋದು ಲಾಭದ ಲೆಕ್ಕ ಅಲ್ಲ ಅಂತ ನನ್ನ ವಾದ.

ಹಾಲಿನ ಕಥೆ ಇನ್ನೂ ಬೇಜಾರಿನದು. ಎರಡು ಹಸು ಇರೋ ಮನೆಯಲ್ಲಿ ಬೆಳಿಗ್ಗೆ ಸಂಜೆ ಕ್ಯಾನು ತುಂಬ ಡೈರಿಗೆ, ಮನೆಗೆ ಟೀಗಾಗೋಷ್ಟು. ಹಸು ಕರು ಹಾಕಿದ ಮೇಲೆ ಕಾಲು ಮಡಿಸಿ ಬಿದ್ರೆ ನಮಗೆ ತಕ್ಷಣ ಗೊತ್ತಾಗುತ್ತೆ, ಹಾಲು ಜ್ವರ, ಕ್ಯಾಲ್ಸಿಯಂ ಇಳಿದಿದೆ ಅಂತ. ಅರ್ಧರಾತ್ರಿಯಲ್ಲಿ ಡಾಕ್ಟರನ್ನ ಕರೆಸಿ ಬಾಟ್ಲಿ ಏರಿಸ್ತೀವಿ. ಆಮೇಲೆ ತಪ್ಪದೇ ಖನಿಜ ಮಿಶ್ರಣ ಹಾಕ್ತೀವಿ. ಅದೇ ಮನೆಯಲ್ಲಿ ಮೂರು ಹೆತ್ತು ಮೂರಕ್ಕೂ ವರ್ಷಗಟ್ಟಲೆ ಹಾಲು ಕುಡಿಸಿದ ಹೆಂಗಸು "ಕುಕ್ಕರಗಾಲಲ್ಲಿ ಕೂತ್ರೆ ಏಳೋಕಾಗಲ್ಲ ಕಣ್ರೀ" ಅಂದ್ರೆ, "ವಯಸ್ಸಾಯ್ತಲ್ಲ" ಅಂತೀವಿ. ವಯಸ್ಸು ಎಷ್ಟು? ಮೂವತ್ತೆಂಟು.

ಈ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ದೊಡ್ಡವರಲ್ಲಿ ವಿಟಮಿನ್ ಡಿ ತೀರಾ ಇಳಿದ್ರೆ ಮೂಳೆ ಮೆತ್ತಗಾಗುತ್ತೆ. ಒಳಗಿನ ಚೌಕಟ್ಟು ಇರುತ್ತೆ, ಸಿಮೆಂಟು ಕೂತಿರಲ್ಲ. ನೋವು ಕೀಲಿನಲ್ಲಿ ಅಲ್ಲ, ಮೂಳೆಯಲ್ಲೇ ಇರುತ್ತೆ: ತೊಡೆ, ಸೊಂಟ, ಪಕ್ಕೆಲುಬು, ಮೊಣಕಾಲಿನ ಕೆಳಗಿನ ಮುಂದಿನ ಮೂಳೆ. ಬೆರಳಲ್ಲಿ ಒತ್ತಿದ್ರೆ ನೋವು. ಅದಕ್ಕಿಂತ ಮುಖ್ಯ, ಸೊಂಟ ತೊಡೆ ಭುಜದ ಮಾಂಸಖಂಡ ಸೋಲುತ್ತೆ. ನೆಲದಿಂದ ಏಳೋವಾಗ ಕೈ ಊರಬೇಕು, ಬಸ್ಸಿನ ಮೆಟ್ಟಿಲು ಹತ್ತೋವಾಗ ಕಂಬಿ ಹಿಡಿದು ಎಳ್ಕೋಬೇಕು, ನಡೆಯೋವಾಗ ಬಾತುಕೋಳಿ ತರ ಆ ಕಡೆ ಈ ಕಡೆ ವಾಲಬೇಕು. ಮಂಡಿ ಸವೆತ ಬೇರೆ, ಇದು ಬೇರೆ. ಮಂಡಿ ಸವೆತಕ್ಕೆ ಈ ಮಾತ್ರೆಯಿಂದ ಹೆಚ್ಚೇನೂ ಆಗಲ್ಲ. ಆದ್ರೆ ಮೆತ್ತಗಾದ ಮೂಳೆಗೆ ಕೆಲವು ತಿಂಗಳ ಔಷಧಿಯಿಂದ ನಿಜವಾಗ್ಲೂ ವಾಸಿಯಾಗುತ್ತೆ. ಇಷ್ಟು ಸುಲಭವಾಗಿ ಹೋಗೋ ನೋವನ್ನ "ಬಿಸಿಲಲ್ಲಿರೋರಿಗೆ ಅದು ಬರಲ್ಲ" ಅನ್ನೋ ಒಂದು ನಗೆ ಮಾತಿನಿಂದ ವರ್ಷಗಟ್ಟಲೆ ಎಳೆಯೋದು ನನಗೆ ಸಹಿಸೋಕಾಗಲ್ಲ.

ಮಕ್ಕಳಲ್ಲಿ ಇದಕ್ಕೆ ರಿಕೆಟ್ಸ್ ಅಂತಾರೆ. ಕಾಲು ಬಿಲ್ಲಿನ ತರ ಬಾಗೋದು, ಮಣಿಕಟ್ಟು ದಪ್ಪ ಆಗೋದು, ನಡೆಯೋದು ತಡ ಆಗೋದು, ನೆತ್ತಿ ಬೇಗ ಕೂಡದೇ ಇರೋದು. ಒಂದು ಕಾಲಕ್ಕೆ ಇಂಗ್ಲೆಂಡಿನ ಹೊಗೆ ತುಂಬಿದ ಊರುಗಳಲ್ಲಿ ಬಡವರ ಮಕ್ಕಳಿಗೆಲ್ಲ ಇದೇ ಕಾಯಿಲೆ. 1919ರಲ್ಲಿ ಮೆಲನ್‌ಬಿ ಅನ್ನೋ ವಿಜ್ಞಾನಿ ನಾಯಿಮರಿಗಳಿಗೆ ಈ ಕಾಯಿಲೆ ಬರಿಸಿ ಕಾಡ್ ಮೀನಿನ ಎಣ್ಣೆ ಕೊಟ್ಟು ವಾಸಿ ಮಾಡಿ ತೋರಿಸಿದ. ಅದೇ ವರ್ಷ ಬರ್ಲಿನ್ನಿನಲ್ಲಿ ಇನ್ನೊಬ್ಬ ಡಾಕ್ಟರು ಬರೀ ದೀಪದ ಅತಿನೇರಳೆ ಬೆಳಕಲ್ಲೇ ಮಕ್ಕಳನ್ನ ವಾಸಿ ಮಾಡಿದ. ಎಣ್ಣೆ ಮತ್ತು ಬೆಳಕು ಒಂದೇ ಕೆಲಸ ಮಾಡ್ತವೆ ಅನ್ನೋದು ಆಗ ಎಲ್ಲರಿಗೂ ಆಶ್ಚರ್ಯ. ತಾಯಿಗೇ ಕಮ್ಮಿ ಇದ್ರೆ ಮಗು ಹುಟ್ಟುವಾಗಲೇ ಕೊರತೆಯಲ್ಲಿ ಹುಟ್ಟುತ್ತೆ, ಎದೆಹಾಲಿನಲ್ಲಿ ವಿಟಮಿನ್ ಡಿ ಕಮ್ಮಿಯೇ. ಅದಕ್ಕೇ ಮಕ್ಕಳ ಡಾಕ್ಟರುಗಳು ಮೊದಲ ವರ್ಷ ಪೂರ್ತಿ ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಹಾಕಿ ಅನ್ನೋದು. ಇದನ್ನ ದಯವಿಟ್ಟು ಬಿಡಬೇಡಿ. ಎಳೆಬಿಸಿಲು ಇದಕ್ಕೆ ಬದಲಿ ಅಲ್ಲ.

ಇಲ್ಲೊಂದು ಎಚ್ಚರಿಕೆ, ನಮ್ಮ ತಾಲ್ಲೂಕಿಗೇ ಸೇರಿದ್ದು. ನಮ್ಮ ಕಡೆ ಮಗುವಿನ ಕಾಲು ಸೊಟ್ಟ ಆಯ್ತು, ದೊಡ್ಡವರ ಬೆನ್ನು ಬಿರುಸಾಯ್ತು ಅಂದ ತಕ್ಷಣ ವಿಟಮಿನ್ ಡಿ ಅನ್ನೋಕೆ ಆಗಲ್ಲ. ನಮ್ಮ ನೀರಿನಲ್ಲಿ ಫ್ಲೋರೈಡ್ ಇದೆ. ಪಾವಗಡ, ಮಧುಗಿರಿ, ಶಿರಾ, ಆ ಕಡೆ ಬಾಗೇಪಲ್ಲಿ, ಎಲ್ಲಾ ಕಡೆ ಇದೇ ಕಥೆ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ರೆ ಸರಿ, ಬೇರೆ ದಾರಿ ಇಲ್ಲಾಂದ್ರೆ ಒಂದೂವರೆವರೆಗೆ ಅಂತ ಸರ್ಕಾರದ ಮಾನದಂಡ. ಬೋರು ಆಳಕ್ಕೆ ಹೋದಷ್ಟೂ ಕಲ್ಲಿನ ಸಂದಿನ ನೀರು, ಫ್ಲೋರೈಡೂ ಸಾಮಾನ್ಯವಾಗಿ ಜಾಸ್ತಿ. ನಮ್ಮ ಹಲ್ಲಿನ ಮೇಲಿನ ಕಂದು ಪಟ್ಟೆ ನೋಡಿದ್ರೇ ಬೇರೆ ಜಿಲ್ಲೆಯವರು "ಪಾವಗಡದ ಕಡೆಯೋರಾ?" ಅಂತ ಕೇಳ್ತಾರೆ. ಹಲ್ಲಿಗೆ ನಿಂತರೆ ಪರವಾಗಿಲ್ಲ. ವರ್ಷಗಟ್ಟಲೆ ಕುಡಿದ್ರೆ ಮೂಳೆಗೆ ಇಳಿಯುತ್ತೆ, ಕೀಲು ಬಿಗಿಯುತ್ತೆ, ಕತ್ತು ತಿರುಗಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇರೋ ಮಕ್ಕಳಿಗೆ ಇದರ ಪೆಟ್ಟು ಇನ್ನೂ ಜೋರು. ಮಂಡಿ ಒಂದಕ್ಕೊಂದು ತಾಗೋ ಹಾಗೆ ಕಾಲು ಒಳಕ್ಕೆ ಬಾಗುತ್ತೆ. ಹೈದರಾಬಾದಿನ ಪೋಷಣಾ ಸಂಸ್ಥೆಯವರು ಇದನ್ನ 1973ರಲ್ಲೇ ಬರೆದಿದ್ದಾರೆ.

ಶುದ್ಧ ನೀರಿನ ಘಟಕ ಬಂದ ಮೇಲೆ ನಾವೆಲ್ಲ ಕ್ಯಾನು ತರ್ತೀವಿ, ಒಳ್ಳೇದಾಯ್ತು. ಆದ್ರೆ ನಾನು ನೋಡಿದಂಗೆ ಹತ್ತು ಮನೆಯಲ್ಲಿ ಏಳೆಂಟು ಮನೆಯವರು ಕುಡಿಯೋಕೆ ಕ್ಯಾನಿನ ನೀರು, ಅಡುಗೆಗೆ ಬೋರಿನ ನೀರು. ಬೇಳೆ ಬೇಯೋಕೆ, ಅನ್ನಕ್ಕೆ, ಮುದ್ದೆ ಎಸರಿಗೆ, ಟೀಗೆ ಎಲ್ಲ ಬೋರು. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಸಾಯಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿ ಆಗುತ್ತೆ. ಕ್ಯಾನು ಇನ್ನೊಂದು ತನ್ನಿ, ಐದು ರೂಪಾಯಿಯ ಮಾತು. ಹಾಗೇ ಒಂದು ಖುಷಿಯ ವಿಷಯ: ಹೈದರಾಬಾದಿನ ಅದೇ ಸಂಸ್ಥೆಯವರು ಹುಡುಗರಿಗೆ ದಿನಾ ಹತ್ತು ಗ್ರಾಂ ಹುಣಸೆ ಕೊಟ್ಟು ನೋಡಿದಾಗ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಗೆ ಹೋಯ್ತು. ಬದಿನಲ್ಲಿ ಹುಣಸೆ ಮರ ಇಟ್ಕೊಂಡು ಟೊಮೆಟೊ ಸಾರು ತಿನ್ನೋರು ಸ್ವಲ್ಪ ಯೋಚನೆ ಮಾಡಿ. ಹುಣಸೆ ರೇಟು ಇಳಿದ ವರ್ಷ ಮನೇಲಾದ್ರೂ ಖರ್ಚಾಗ್ಲಿ.

ಇನ್ನು ಎರಡನೇ ಪಕ್ಷದವರು, ಟೆಸ್ಟು ಇಂಜೆಕ್ಷನ್‌ನೋರು. ಟೆಸ್ಟಿಗೆ ಸಾವಿರದ ಮೇಲೆ ತಗೋತಾರೆ. ಪ್ಯಾಕೇಜ್ ಅಂದ್ರೆ ಇನ್ನೂ ಜಾಸ್ತಿ. ಚೀಟಿಯಲ್ಲಿ 30ಕ್ಕಿಂತ ಕೆಳಗಿದ್ರೆ ಕೆಂಪು ಅಕ್ಷರ. ಈ 30 ಎಲ್ಲಿಂದ ಬಂತು? ಅಮೆರಿಕದ ಎಂಡೋಕ್ರೈನ್ ಸೊಸೈಟಿ ಅನ್ನೋ ಡಾಕ್ಟರುಗಳ ಸಂಘ 2011ರಲ್ಲಿ 30 ಇದ್ರೆ ಸಾಕಷ್ಟು ಅಂತ ಹೇಳಿತ್ತು. ಅದೇ ವರ್ಷ ಅಲ್ಲಿನದೇ ಇನ್ನೊಂದು ಸಮಿತಿ, ಮೂಳೆಗೆ 20 ಸಾಕು ಅಂತ ಹೇಳಿತ್ತು. ಈಗ 2024ರಲ್ಲಿ ಆ ಎಂಡೋಕ್ರೈನ್ ಸೊಸೈಟಿಯೇ ಆ 30ರ ಅಂಕಿಯನ್ನ ಕೈಬಿಟ್ಟಿದೆ. ಆರೋಗ್ಯವಾಗಿರೋರಿಗೆ ಸುಮ್ಮಸುಮ್ಮನೆ ಈ ಟೆಸ್ಟು ಮಾಡಬೇಡಿ ಅಂತಲೂ ಹೇಳಿದೆ. ಆದ್ರೆ ಲ್ಯಾಬಿನ ಚೀಟಿಯಲ್ಲಿ ಕೆಂಪು ಅಕ್ಷರ ಹಾಗೇ ಇದೆ. 24 ಬಂದ ಮನುಷ್ಯ ಉಂಡು ತಿಂದು ಗಟ್ಟಿಯಾಗಿದ್ರೂ ರೋಗಿ ಆಗಿ ಮನೆಗೆ ಬರ್ತಾನೆ.

ವಿಟಮಿನ್ ಡಿ ಕಮ್ಮಿ ಇದ್ದೋರಿಗೆ ಹೃದಯದ ಕಾಯಿಲೆ, ಕ್ಯಾನ್ಸರ್, ಸಕ್ಕರೆ ಕಾಯಿಲೆ ಜಾಸ್ತಿ ಅಂತ ಸುಮಾರು ಅಧ್ಯಯನ ಬಂದವು. ನಿಜ ಇರಬಹುದು. ಆದ್ರೆ ಮನೆಯೊಳಗೆ ಮಲಗಿರೋ ರೋಗಿಗೆ ಬಿಸಿಲು ಎಲ್ಲಿಂದ ಬರಬೇಕು? ಕಾಯಿಲೆಯಿಂದ ಕೊರತೆಯೋ, ಕೊರತೆಯಿಂದ ಕಾಯಿಲೆಯೋ ನೋಡಬೇಕಲ್ಲ. ಅದನ್ನ ನೋಡೋಕೇ ಅಮೆರಿಕದಲ್ಲಿ 25,871 ಜನಕ್ಕೆ ಅರ್ಧ ಜನಕ್ಕೆ ದಿನಾ 2,000 ಯೂನಿಟ್, ಉಳಿದೋರಿಗೆ ಡಮ್ಮಿ ಮಾತ್ರೆ ಕೊಟ್ಟು ಐದು ವರ್ಷದಷ್ಟು ಕಾಲ ನೋಡಿದ್ರು. ಕ್ಯಾನ್ಸರ್ ಬರೋದೂ ಕಮ್ಮಿ ಆಗ್ಲಿಲ್ಲ, ಹಾರ್ಟ್ ಅಟ್ಯಾಕೂ ಕಮ್ಮಿ ಆಗ್ಲಿಲ್ಲ. 2022ರಲ್ಲಿ ಮೂಳೆ ಮುರಿತದ ಲೆಕ್ಕವೂ ಬಂತು, ಅದೂ ಕಮ್ಮಿ ಆಗಿರ್ಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಕೊರತೆ ಇರಲೇ ಇಲ್ಲ ಅನ್ನೋದು ನೆನಪಿರಲಿ. ಜಿಂಕ್ ಕೊರತೆ ಇರೋ ಭೂಮಿಗೆ ಜಿಂಕ್ ಸಲ್ಫೇಟ್ ಹಾಕಿದ್ರೆ ಬೆಳೆ ಎದ್ದು ನಿಲ್ಲುತ್ತೆ. ಕೊರತೆ ಇಲ್ಲದ ಭೂಮಿಗೆ ಹಾಕಿದ್ರೆ ಅಂಗಡಿಯವನ ಬೆಳೆ ಎದ್ದು ನಿಲ್ಲುತ್ತೆ.

ಜಾಸ್ತಿ ಆದ್ರೆ ಏನು ಮಹಾ, ವಿಟಮಿನ್ ತಾನೆ ಅನ್ನೋರಿಗೆ ಒಂದು ಮಾತು. ಬಿಸಿಲಿಂದ ಎಷ್ಟೇ ತಗೊಂಡ್ರೂ ವಿಟಮಿನ್ ಡಿ ವಿಷ ಆಗಲ್ಲ, ಹೆಚ್ಚಾದದ್ದನ್ನ ಚರ್ಮವೇ ಒಡೆದು ಹಾಕುತ್ತೆ. ಮಾತ್ರೆಗೆ ಆ ಬ್ರೇಕ್ ಇಲ್ಲ. ಹೊರದೇಶಗಳಲ್ಲಿ ಇದೇ ಡಿ3ಯನ್ನ ಇಲಿ ಪಾಷಾಣವಾಗಿ ಮಾರ್ತಾರೆ ಅಂದ್ರೆ ನಂಬ್ತೀರಾ? ಇಲಿಯ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಸಾಯುತ್ತೆ. ಮನುಷ್ಯನಿಗೂ ಅದೇ ದಾರಿ: ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ, ತಲೆ ಮಂಕು, ಕೊನೆಗೆ ಕಿಡ್ನಿಗೆ ಪೆಟ್ಟು. ನಮ್ಮ ಬೀದಿಯಲ್ಲೇ ಒಬ್ಬರು 60,000 ಯೂನಿಟ್ಟಿನ ಪುಡಿ ಪೊಟ್ಟಣವನ್ನ ದಿನಾ ಒಂದರಂತೆ ಹಾಲಿಗೆ ಹಾಕ್ಕೊಂಡು ಕುಡೀತಿದ್ರು. ವಾರಕ್ಕೊಂದು ಅಂತ ಬರೆದಿದ್ದನ್ನ ಯಾರೂ ಓದಿ ಹೇಳಿರಲಿಲ್ಲ. ಒಂಬತ್ತನೇ ದಿನಕ್ಕೆ ಅವರ ಮಗಳು ಊರಿಗೆ ಬಂದು ಚೀಟಿ ನೋಡಿ ನಿಲ್ಲಿಸಿದ್ಲು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 600 ಯೂನಿಟ್, ದಿನಾ ತಗೊಳ್ಳೋದಾದ್ರೆ 4,000 ದಾಟಬಾರದು ಅಂತ ಪೋಷಣಾ ಸಂಸ್ಥೆ ಹೇಳುತ್ತೆ. 60,000 ಅಂದ್ರೆ ಆ ಮಿತಿಯ ಹದಿನೈದು ಪಟ್ಟು. ಕೊರತೆ ಇರೋರಿಗೆ ಡಾಕ್ಟರು ವಾರಕ್ಕೊಂದರಂತೆ ಸಾಮಾನ್ಯವಾಗಿ ಎಂಟು ವಾರ ಕೊಡ್ತಾರೆ, ಆಮೇಲೆ ನಿಲ್ಲಿಸಬೇಕು ಇಲ್ಲಾ ಕಮ್ಮಿ ಮಾಡಬೇಕು.

ಆರು ಲಕ್ಷದ ಇಂಜೆಕ್ಷನ್ ಇನ್ನೊಂದು ಫ್ಯಾಷನ್. ಒಂದೇ ಸಲಕ್ಕೆ ಮುಗೀತು ಅಂತ ನಮಗೂ ಇಷ್ಟ, ಚುಚ್ಚೋರಿಗೂ ಇಷ್ಟ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಅರ್ಧ ಜನಕ್ಕೆ ವರ್ಷಕ್ಕೊಂದು ಸಲ ಐದು ಲಕ್ಷ ಯೂನಿಟ್ ಕುಡಿಸಿ ನೋಡಿದ್ರು, 2010ರಲ್ಲಿ ಫಲಿತಾಂಶ ಬಂತು. ಬೀಳೋದೂ ಜಾಸ್ತಿ ಆಯ್ತು, ಮೂಳೆ ಮುರಿಯೋದೂ ಜಾಸ್ತಿ ಆಯ್ತು. ವರ್ಷದ ಗೊಬ್ಬರ ಒಂದೇ ದಿನ ಸುರಿದಂಗೆ. ಮಾತ್ರೆ ತಿನ್ನೋಕೆ ಆಗದೇ ಇರೋರಿಗೆ, ಕರುಳಿನ ತೊಂದರೆ ಇರೋರಿಗೆ ಡಾಕ್ಟರು ಇಂಜೆಕ್ಷನ್ ಯೋಚನೆ ಮಾಡ್ತಾರೆ, ಅದು ಬೇರೆ.

ಹಾಗಾದ್ರೆ ಯಾರು ಡಾಕ್ಟರ ಹತ್ರ ಹೋಗಬೇಕು? ನೆಲದಿಂದ ಏಳೋಕೆ ಕೈ ಊರೋ ನಡುವಯಸ್ಸಿನ ಹೆಂಗಸರು, ಬಸುರಿ ಬಾಣಂತಿಯರು, ಕಾಲು ಬಾಗಿದ ಮಕ್ಕಳು, ಮನೆ ಬಿಟ್ಟು ಹೊರಗೆ ಬರದ ಮುದುಕರು, ಫಿಟ್ಸ್ ಮಾತ್ರೆ ವರ್ಷಗಟ್ಟಲೆ ತಗೊಳ್ಳೋರು. ಕೆಲವು ಫಿಟ್ಸ್ ಮಾತ್ರೆ ವಿಟಮಿನ್ ಡಿಯನ್ನ ಬೇಗ ಕರಗಿಸುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಿಡ್ನಿ ತೊಂದರೆ ಇರೋರು, ಕಿಡ್ನಿ ಕಲ್ಲು ಆಗಿದ್ದೋರು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಗೋಬೇಡಿ, ಅವರ ಲೆಕ್ಕವೇ ಬೇರೆ. ಡಾಕ್ಟರು ಮೊದಲು ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್ ನೋಡೋಣ ಅಂದ್ರೆ "ವಿಟಮಿನ್ ಡಿ ಟೆಸ್ಟೇ ಬರೀರಿ" ಅಂತ ಹಟ ಮಾಡಬೇಡಿ. ಅವು ಕಮ್ಮಿ ದುಡ್ಡಿನವು, ಮೂಳೆ ಮೆತ್ತಗಾಗಿದ್ರೆ ಅಲ್ಲೇ ಸುಳಿವು ಸಿಗುತ್ತೆ.

ಮಾತ್ರೆ ಸಸ್ಯಾಹಾರವಾ ಅಂತ ಒಬ್ಬರು ಕೇಳಿದ್ರು. ಡಿ3 ಹೆಚ್ಚಾಗಿ ಮಾಡೋದು ಕುರಿ ತುಪ್ಪಟದ ಜಿಡ್ಡಿನಿಂದ. ತುಪ್ಪಟ ತೊಳೆದಾಗ ಬಿಡೋ ಜಿಡ್ಡನ್ನ ಶುದ್ಧ ಮಾಡಿ ಅತಿನೇರಳೆ ಬೆಳಕಿಗೆ ಹಿಡೀತಾರೆ. ನಮ್ಮ ಕಂಬಳಿ ನೇಯೋರ ಮನೆ ಮುಂದೆ ತೊಳೆದ ನೀರು ಹರಿದು ಹೋಗ್ತಿತ್ತಲ್ಲ, ಅದರಲ್ಲೇ ಇತ್ತು ಈ ಸರಕು. ಊಟದಲ್ಲಿ ವಿಟಮಿನ್ ಡಿ ಸಿಗೋದು ಕಮ್ಮಿ: ಕೊಬ್ಬಿನ ಮೀನು, ಮೊಟ್ಟೆಯ ಹಳದಿ, ಅಷ್ಟೇ. ನಮ್ಮ ಮನೆ ಹಸುವಿನ ಹಾಲಿನಲ್ಲಿ ಇಲ್ಲ ಅಂದ್ರೂ ನಡೆಯುತ್ತೆ, ಪ್ಯಾಕೆಟ್ಟಿನ ಮೇಲೆ ಪ್ಲಸ್ ಎಫ್ ಗುರುತು ಇರೋ ಎಣ್ಣೆ, ಹಾಲಿಗೆ ಮಾತ್ರ ಹೊರಗಿಂದ ಸೇರಿಸಿರ್ತಾರೆ. ಗಾಣದ ಎಣ್ಣೆಯವರು ಕೋಪ ಮಾಡ್ಕೋಬೇಡಿ, ನಾನೂ ಗಾಣದ್ದೇ ತಿನ್ನೋದು. ಅಣಬೆ ಬೆಳೆಯೋರು ಮಾರೋಕೆ ಮುಂಚೆ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಹೊತ್ತು ಹರವಿದ್ರೆ ಅದರಲ್ಲೂ ಡಿ2 ಬರುತ್ತೆ.

ಬಿಸಿಲಿನ ಬಗ್ಗೆ ನಾನು ಮನೆಯಲ್ಲಿ ಹೇಳಿರೋದು ಇಷ್ಟು. ಕಡ್ಲೆಕಾಯಿ ಬಿಡಿಸೋದು, ಹುಣಸೆ ಬಡಿಯೋದು, ಹಪ್ಪಳ ಒತ್ತೋದು, ಇಂಥಾ ಕೂತು ಮಾಡೋ ಕೆಲಸ ಈಗ ಚಳಿಗಾಲದಲ್ಲಿ ಹನ್ನೊಂದು ಗಂಟೆ ಹೊತ್ತಿಗೆ ಅಂಗಳದಲ್ಲಿ, ತೋಳು ಮಡಚಿ, ಕಾಲು ಚಾಚಿ ಮಾಡಿ. ಫಾಲ್ಗುಣ ದಾಟಿದ ಮೇಲೆ ಆ ಹೊತ್ತಿಗೆ ಬೇಡ, ಒಂಬತ್ತೂವರೆ ಹತ್ತಕ್ಕೆ ಮುಗಿಸಿ. ನಲವತ್ತು ಡಿಗ್ರಿಯಲ್ಲಿ ವಿಟಮಿನ್ ಹುಡುಕ್ಕೊಂಡು ಯಾರೂ ಬಿಸಿಲು ಹೊಡೆಸ್ಕೋಬೇಡಿ. ಗಂಡಸರು ಬನಿಯನ್ನಿನಲ್ಲಿ ಎಲ್ಲೆಂದರಲ್ಲಿ ನಿಲ್ತೀರಿ, ಹೆಂಗಸರಿಗೆ ಅಂಗಳದಲ್ಲಿ ಕೂರೋಕೂ ಬೀದಿ ಕಣ್ಣು ಅಡ್ಡ ಬರುತ್ತೆ. ಹಿತ್ತಲಿಗೆ ನಾಲ್ಕು ತೆಂಗಿನ ಗರಿಯ ತಡಿಕೆ ಕಟ್ಟಿಕೊಡೋದು ಗಂಡಸರ ಕೆಲಸ.

ತುಂಗಭದ್ರೆ ನೀರು ಪೈಪಿನಲ್ಲಿ ಎಲ್ಲಾ ಊರಿಗೂ ಸರಿಯಾಗಿ ಹರಿಯೋವರೆಗೆ ನಮ್ಮ ಬೋರುಗಳ ಲೆಕ್ಕ ನಾವೇ ಇಡಬೇಕು. ಬರೋ ಸೋಮವಾರ ನಾನು ನೀರಿನ ಸ್ಯಾಂಪಲ್ ತಗೊಂಡು ಲ್ಯಾಬಿಗೆ ಹೋಗ್ತಿದ್ದೀನಿ. ಅಡುಗೆಗೆ ಬಳಸೋ ಬೋರಿನ ನೀರು ಒಂದು ಲೀಟರು, ಅದೇ ನೀರಲ್ಲಿ ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ತುಂಬಿ, ಮೋಟರು ಹಾಕಿ ಹತ್ತು ನಿಮಿಷ ಆದ ಮೇಲೆ ಹಿಡಿದದ್ದಾಗಿರಲಿ. ಮೇಲೆ ಹೆಸರು, ಬೋರಿನ ಆಳ ಬರೆದು ಭಾನುವಾರ ಸಂಜೆ ಒಳಗೆ ಡೈರಿ ಹತ್ರ ಕೊಡಿ. ಎಣ್ಣೆ ಬಾಟ್ಲಿ ಬೇಡ.